ಕುರ್ಚಿಯಿಂದ ಏಳದ ದೆಲ್ಮಾ

ಮನಾಂಗ್ ದೆಲ್ಮಾ ಅವರನ್ನು ನಾನು ಮೊದಲು ನೋಡಿದ್ದು ಇಲ್ಲಿನ ಹೈಸ್ಕೂಲಿಗೆ ಟೀಚರಾಗಿ ಸೇರಿದ ದಿನ. ಹೊಸಬಳೆಂಬ ಅಂಜಿಕೆಗೆ ಬಹಳ ಬೇಗ ಹೋಗಿಬಿಟ್ಟಿದ್ದೆ. ಮೈದಾನದ ಸಮುದ್ರದ ಕಡೆಯ ತುದಿಯಲ್ಲಿ, ಅಕೇಶಿಯಾ ಮರದ ಪಕ್ಕ, ಒಬ್ಬ ಹೆಂಗಸು ಜಿಗಿತದ ಗುಂಡಿಯ ಮರಳನ್ನು ಹರಗುತ್ತಿದ್ದರು. ನಾಯಿಗಳು ಮಾಡಿಹೋಗಿದ್ದ ಗಲೀಜನ್ನು ತೆಂಗಿನ ಕರಟದಲ್ಲಿ ಎತ್ತಿ ಬೇಲಿಯಾಚೆ ಎಸೆದರು. ತಲೆಗೆ ಬಿಗಿದ ಟವೆಲ್ಲು, ಹೂವಿನ ಏಪ್ರನ್ನು, ಮೊಣಕೈವರೆಗೆ ಗಂಜಿಯ ಕಲೆ. ಕ್ಯಾಂಟೀನಿನ ಅಡುಗೆಯವರು ಅಂದುಕೊಂಡೆ. ಅದು ನಿಜವೂ ಆಗಿತ್ತು. ಮರಳು ಸಮವಾದ ಮೇಲೆ ಏಪ್ರನ್ ಬಿಚ್ಚಿ ಕೊಂಬೆಗೆ ಸಿಕ್ಕಿಸಿದರು, ಚಪ್ಪಲಿ ಜೋಡಿಸಿ ಬದಿಗಿಟ್ಟರು, ಬೇಲಿಯವರೆಗೆ ನಡೆದುಹೋಗಿ ತಿರುಗಿ ಓಡಿಬಂದರು. ಒಂದೇ ಕಾಲಲ್ಲಿ ಕುಪ್ಪಳಿಸಿ, ಇನ್ನೊಂದು ಕಾಲಿಗೆ ದಾಟಿ, ಕೊನೆಗೆ ಎದೆ ಮುಂದೆ ಮಾಡಿ ಹಾರಿ ಮರಳಿಗೆ ಬಿದ್ದರು. ಐವತ್ತು ದಾಟಿದ ಹೆಂಗಸು.

ಮರಳು ಕೊಡವಿಕೊಳ್ಳುತ್ತಾ ನನ್ನ ಕಡೆ ನೋಡಿದರು. "ಹೊಸ ಮ್ಯಾಮಾ? ಹೊಟ್ಟೆಗೇನೂ ಹಾಕಿಲ್ಲ ಅಂತ ಮುಖನೇ ಹೇಳ್ತಿದೆ. ಬನ್ನಿ, ಗಂಜಿ ಬಿಸಿ ಇದೆ."

"ದಿನಾ ಹೀಗೆ ಹಾರ್ತೀರಾ?"

"ಭಾನುವಾರ ಇಲ್ಲ. ಅವತ್ತು ದೇವರಿಗೂ ರಜ, ಮೊಣಕಾಲಿಗೂ ರಜ."

ವಾರ ಕಳೆಯುವುದರೊಳಗೆ ನಾನು ಅವರಿಗೆ ಮ್ಯಾಮ್ ಹೋಗಿ 'ಇಂದಾಯ್' ಆದೆ, ಮನೆಮಗಳನ್ನು ಕರೆಯುವ ಹಾಗೆ. ಅವರು ಊರಿಗೆಲ್ಲ ಇದ್ದಂತೆ ನನಗೂ 'ಮನಾಂಗ್', ಅಂದರೆ ಅಕ್ಕ. ಪ್ರಾಯದಲ್ಲಿ ಪ್ರಾಂತ್ಯದ ಪರವಾಗಿ ಟ್ರಿಪಲ್ ಜಂಪ್ ಮಾಡಿದವರು. ಗಂಡ ತೀರಿಕೊಂಡ ಮೇಲೆ ಮತ್ತೆ ಮರಳಿಗಿಳಿದು, ಹಿರಿಯರ ಕ್ರೀಡಾಕೂಟಗಳಲ್ಲಿ ಪದಕ ತರುತ್ತಿದ್ದರು. ಪದಕಗಳು ಅವರ ಅಡುಗೆಮನೆಯಲ್ಲಿ ಸೌಟುಗಳ ಮೊಳೆಗೇ ನೇತಾಡುತ್ತಿದ್ದವು.

ನಮ್ಮ ಪನಾಯ್ ದ್ವೀಪದ ಈ ಕರಾವಳಿಯಲ್ಲಿ, ಮನೆಗೆ ಬಂದು ಮೆತ್ತಗೆ ಕೇಳಿದವರಿಗೆ ಯಾರೂ ಮುಖಕ್ಕೆ ಹೊಡೆದಂತೆ ಇಲ್ಲ ಅನ್ನುವುದಿಲ್ಲ. 'ನೋಡೋಣ' ಅನ್ನುತ್ತೇವೆ. ಒಲ್ಲೆ ಎಂಬುದು ಅದರಲ್ಲೇ ಇದೆ ಎಂದು ಕೇಳಿದವನಿಗೆ ಗೊತ್ತಿರುತ್ತದೆ. ಗೊತ್ತಿದ್ದೂ ಒಪ್ಪಿಗೆಯೆಂದು ಎತ್ತಿಕೊಂಡು ಹೋಗುವವರು ಇದ್ದಾರೆ. ಊರ ಕ್ರೀಡಾ ಉಸ್ತುವಾರಿಯ ರೊದೆಲ್ ಅಂಥವನು. ನನ್ನ ಓರಗೆಯವನು, ದೆಲ್ಮಾ ಅವರ ಗಂಜಿ ಕುಡಿದೇ ಬೆಳೆದವನು.

ಕಳೆದ ವರ್ಷ ಊರ ಹಬ್ಬಕ್ಕೆ ಒಂದು ಓಟ ಇಟ್ಟಿದ್ದರು. ಎಲ್ಲರ ಮುಂದೆ ಕೌನ್ಸಿಲರ್ ವಿಯಾರ್ದೆ, ಅವರ ಪಕ್ಕದಲ್ಲಿ ಪದಕದ ದೆಲ್ಮಾ. ಅವರ ಹಿಮ್ಮಡಿ ಆಗಲೇ ತುಂಬಾ ದಿನದಿಂದ ನೋಯುತ್ತಿತ್ತು. ರೊದೆಲ್ ಒಂದು ಚೀಲ ಬಿಸಿ ಬ್ರೆಡ್ಡು ಹಿಡಿದು ಬಂದ.

"ಕಾಲು ಸರಿಯಿಲ್ಲ ಕಣೋ," ಅಂದರು ದೆಲ್ಮಾ.

"ಒಳಗೆ ಗಾಳಿ ಹಿಡ್ಕೊಂಡಿರತ್ತೆ ಮನಾಂಗ್. ಎಣ್ಣೆ ಹಾಕಿ ತಿಕ್ಕಿಸ್ಕೊಳ್ಳಿ. ಓಟ ಮುಗಿಯೋ ಕಮಾನಿನ ತನಕ ಓಡಿದ್ರೆ ಸಾಕು, ಕ್ಯಾಮೆರಾ ಅಲ್ಲೇ ಇರತ್ತೆ."

"ನೋಡೋಣ."

ಎಣ್ಣೆ ತಿಕ್ಕುವ ಮುದುಕಿಯನ್ನು ಅವನೇ ಕಳಿಸಿಕೊಟ್ಟ. ಮೊದಲೇ ಸವೆದಿದ್ದ ಜಾಗವನ್ನು ಆಕೆ ಹಿಟ್ಟು ನಾದಿದಂತೆ ನಾದಿದಳು. ಓಟದ ದಿನ ಕಮಾನು ಇನ್ನೇನು ಬಂತು ಅನ್ನುವಾಗ ಬಿದಿರು ಸೀಳಿದಂಥ ಸದ್ದಾಯಿತು. ದೆಲ್ಮಾ ನಿಂತು ಹಿಂದಕ್ಕೆ ತಿರುಗಿ, "ಯಾರೋ ಅದು ಒದ್ದದ್ದು?" ಅಂದರು. ಹಿಂದೆ ಯಾರೂ ಇರಲಿಲ್ಲ. ಆಮೇಲೆ ನೆಲಕ್ಕೆ ಕೂತರು. ಕೌನ್ಸಿಲರ್ ಎರಡೂ ಕೈ ಎತ್ತಿಕೊಂಡು ಕಮಾನು ದಾಟಿದರು. ಫೋಟೋ ಚೆನ್ನಾಗಿ ಬಂತಂತೆ.

ಕೌನ್ಸಿಲರ್ ಮುಖ ಬರೆಸಿದ ಆಂಬುಲೆನ್ಸ್ ಊರಲ್ಲಿದೆ. ಅವತ್ತು ಅದು ಸಂಜೆಯ ಕುಣಿತಕ್ಕೆ ಧ್ವನಿವರ್ಧಕ ತರಲು ಹೋಗಿತ್ತು. ಬಿಸಿಲಲ್ಲಿ ಕಾದು ಕಾದು, ಕೊನೆಗೆ ಬಾಡಿಗೆಯ ಮೋಟಾರು ಟ್ರೈಸಿಕಲ್ಲಿನಲ್ಲಿ ಕೂರಿಸಿದೆವು. ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಗುಂಡಿ ಬಂದಾಗಲೆಲ್ಲ ಅವರು ನನ್ನ ಭುಜ ಹಿಂಡುತ್ತಿದ್ದರು.

ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿಹಿಡಿಯುವ ಸ್ನಾಯುರಜ್ಜು ಪೂರ್ತಿ ಹರಿದಿತ್ತು. ಇಲೊಇಲೊ ನಗರದಲ್ಲಿ ಆಪರೇಶನ್ ಆಯಿತು. ಪಾದ ಅಲುಗದ ಹಾಗೆ ಮೊಣಕಾಲವರೆಗಿನ ಗಟ್ಟಿ ಬೂಟು ಹಾಕಿದರು. ಡಾಕ್ಟರು ಎಳೆ ವಯಸ್ಸಿನ ಹೆಂಗಸು, ಸುತ್ತುಬಳಸಿ ಮಾತಾಡುವವರಲ್ಲ.

"ನಾನು ಹೇಳೋವರೆಗೂ ಈ ಬೂಟು ಬಿಚ್ಚಿ ಒಂದು ಹೆಜ್ಜೆನೂ ಇಡಬೇಡಿ. ಯಾರ ಕೈಲೂ ತಿಕ್ಕಿಸಬೇಡಿ. ಇನ್ನೊಂದು ಸಲ ಹರಿದ್ರೆ ನಡಿಗೆನೂ ನೆಟ್ಟಗಿರಲ್ಲ."

"ಹೇಳಿದ ಹಾಗೆ ಕೇಳಿದ್ರೆ ಮತ್ತೆ ಹಾರಬಹುದಾ?"

"ಹಾರಬಹುದು."

ದೆಲ್ಮಾ ಅವರಿಗೆ ಬೇಕಿದ್ದದ್ದು ಅದೊಂದೇ ಮಾತು.

ಊರಿಗೆ ವಾಪಸಾದಾಗ ಶಾಲೆಯ ಗೇಟಿಗೆ ದೊಡ್ಡ ಟಾರ್ಪಾಲಿನ್ ಕಟ್ಟಿತ್ತು. 'ಬೇಗ ಗುಣವಾಗಲಿ ನಮ್ಮ ಚಾಂಪಿಯನ್.' ಕೌನ್ಸಿಲರ್ ಮುಖ ಮೊರದಗಲ. ಮೂಲೆಯಲ್ಲಿ ದೆಲ್ಮಾ ಅವರದು ಅಂಚೆಚೀಟಿಯಷ್ಟು.

"ನೋಡು ಇಂದಾಯ್," ಅಂದರು ಊರುಗೋಲಿನ ಮೇಲೆ ಬಾಗಿ. "ಆಪರೇಶನ್ ಆಗಿರೋದು ಅವರಿಗೇ ಅನ್ಸತ್ತೆ."

ನಗು ಬಂತು ನನಗೆ. ಆ ವಾರವೇ ರೊದೆಲ್ ಮತ್ತೆ ಬ್ರೆಡ್ಡಿನ ಚೀಲ ಹಿಡಿದು ಬಂದಾಗ ಅದೂ ಹೋಯಿತು. ಶಾಲೆಗಳ ಕ್ರೀಡಾಕೂಟ ಶುರುವಾಗುವುದಿತ್ತು. ದೆಲ್ಮಾ ಪಂಜು ಹಿಡಿದು ನಡೆಯಬೇಕಂತೆ. ಊರುಗೋಲಿಲ್ಲದೆ, ಬೂಟಿಲ್ಲದೆ.

"ಹತ್ತೇ ಹೆಜ್ಜೆ ಮನಾಂಗ್. ಬೂಟು ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ. ಕೌನ್ಸಿಲರ್ ನೆರವಿಂದ ಎದ್ದು ನಿಂತ್ರು ಅಂತ ಜನ ನೋಡ್ಬೇಕಲ್ಲ."

"ಯಾವ ನೆರವು?" ನಾನು ಕೇಳಿದೆ.

ಅವನಿಗೆ ನಿಜಕ್ಕೂ ಬೇಜಾರಾಯಿತು. "ಏನ್ ಮ್ಯಾಮ್ ಹೀಗಂತೀರಾ. ಟಾರ್ಪಾಲಿನ್ ಹಾಕ್ಸಿಲ್ವಾ?"

ದೆಲ್ಮಾ ಬ್ರೆಡ್ಡಿನ ಚೀಲ ನೋಡುತ್ತಾ ಕೂತಿದ್ದರು. "ನೋಡೋಣ," ಅಂದರು.

ಅವನು ಹೋದ ಮೇಲೆ ನಾನು ರೇಗಿದೆ. "ಮತ್ತೆ ಅದೇ ಮಾತಾ? ಡಾಕ್ಟ್ರು ಹೇಳಿದ್ದು ಮರೆತುಹೋಯ್ತಾ ನಿಮಗೆ?"

"ಮರೆತಿಲ್ಲ. ಅವನ ಮದುವೆ ಅಡುಗೆ ನಾನೇ ಮಾಡಿದ್ದು. ಬಾಯಿಗೆ ಬೇರೆ ಏನೂ ಬರಲಿಲ್ಲ ಕಣೆ."

ಕ್ರೀಡಾಕೂಟದ ದಿನ ಅವರು ಬೂಟು ಹಾಕಿಕೊಂಡೇ ಬಂದು ಮೈದಾನದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಏನು ಮಾಡುತ್ತಾರೆಂದು ನನಗೂ ಗೊತ್ತಿರಲಿಲ್ಲ. ಬ್ಯಾಂಡು ನಿಂತಿತು. ಹೆಸರು ಕೂಗಿದರು. ರೊದೆಲ್ ಓಡಿ ಬಂದವನೇ ಮಂಡಿಯೂರಿ, ಒಂದು ಮಾತೂ ಕೇಳದೆ, ಬೂಟಿನ ಪಟ್ಟಿಗೆ ಕೈ ಹಾಕಿ ಪರ್ ಎಂದು ಎಳೆದ.

ದೆಲ್ಮಾ ಊರುಗೋಲನ್ನು ಅವನ ಎದೆಗೆ ಅಡ್ಡ ಹಿಡಿದರು. "ಕೈ ತೆಗಿ."

"ಹತ್ತೇ ಹೆಜ್ಜೆ ಮನಾಂಗ್..."

"ಇಲ್ಲ."

ಅವನು ಅಷ್ಟು ಹತ್ತಿರದಿಂದ ಆ ಮಾತು ಕೇಳಿರಲಿಲ್ಲವೋ ಏನೋ, ಮಂಡಿಯೂರಿದಲ್ಲೇ ಉಳಿದ. ಆಗ ಕೌನ್ಸಿಲರೇ ನಗುತ್ತಾ ಬಂದು ಕೈ ಚಾಚಿದರು. ಮೈಕಿನವನು ಬಾಲದ ಹಾಗೆ ಹಿಂದೆಯೇ ಇದ್ದ.

"ಏಳಿ ಮನಾಂಗ್, ಜನ ಕಾಯ್ತಿದಾರೆ."

"ಕಾಯ್ಲಿ. ಹೊಲಿಗೆ ಕೂಡಲಿ ಅಂತ ನಾನೂ ಕಾಯ್ತಿದೀನಿ. ಅವತ್ತು ನಿಮ್ಮ ಆಂಬುಲೆನ್ಸಿಗೂ ಕಾದೆ."

ಅದು ಮೈದಾನಕ್ಕೆಲ್ಲ ಕೇಳಿಸಿತು. ಮೀನು ಮಾರುವ ಹೆಂಗಸರ ಸಾಲಿನಿಂದ ಯಾರೋ ಕಿಸಕ್ಕೆಂದರು, ಆಮೇಲೆ ಆ ಸಾಲೇ ನಕ್ಕಿತು. ಕೌನ್ಸಿಲರ್ ಚಾಚಿದ ಕೈಯನ್ನು ಹಾಗೇ ಎತ್ತಿ ಜನಕ್ಕೆ ಬೀಸಿದರು. ಪಂಜನ್ನು ರೊದೆಲ್ ಹಿಡಿದು ನಡೆದ.

ಕ್ರೀಡಾಕೂಟ ಮುಗಿದ ಸೋಮವಾರ ಕ್ಯಾಂಟೀನು ಕೌನ್ಸಿಲರ್ ನಾದಿನಿಗೆ ಹೋಯಿತು. 'ಹೊಸಬರಿಗೂ ಅವಕಾಶ ಇರಲಿ' ಎಂದು ಹೆಡ್‌ಮಾಸ್ಟರು ನೆಲ ನೋಡುತ್ತಾ ಹೇಳಿದರು. ಸ್ಟಾಫ್ ರೂಮಿನಲ್ಲಿ ನಾನು ಎದ್ದು ನಿಂತು ಕೇಳಿದೆ, ಇದು ಯಾವ ನ್ಯಾಯ ಎಂದು. ವರ್ಷಾನುಗಟ್ಟಲೆ ಅವರ ಕೈಯ ಗಂಜಿ ಕುಡಿದವರು ಒಬ್ಬರೂ ಬಾಯಿ ತೆಗೆಯಲಿಲ್ಲ. ಒಬ್ಬರು ಮಾತ್ರ ಹೊರಗೆ ಬಂದು, "ಹತ್ತು ಹೆಜ್ಜೆ ನಡೆದಿದ್ರೆ ಅವರಪ್ಪನ ಗಂಟೇನು ಹೋಗ್ತಿತ್ತು?" ಅಂದರು. ಹೋಗುತ್ತಿದ್ದದ್ದು ಅವರ ಕಾಲು. ಎರವಲು ಛತ್ರಿಯಂತೆ ಕೇಳಿ ಒಯ್ದು, ಮುರಿದು ತಂದು, ಇನ್ನೊಮ್ಮೆ ಕೊಡು ಅಂದರೆ ಯಾರು ಕೊಡುತ್ತಾರೆ? ಕೊಡದಿದ್ದದ್ದೇ ತಪ್ಪು ಅನ್ನುವ ಊರಲ್ಲಿ ನಾನು ಮಕ್ಕಳಿಗೆ ನೀತಿಪಾಠ ಮಾಡುತ್ತಿದ್ದೇನೆ.

ದೆಲ್ಮಾ ಅವರಿಗೆ ಇದನ್ನೆಲ್ಲ ಹೇಳಿದರೆ, "ನಿನ್ನ ಗಂಜಿ ಆರ್ತಿದೆ, ಮೊದಲು ಕುಡಿ," ಅನ್ನುತ್ತಾರೆ.

ಮಳೆಗಾಲದ ಗಾಳಿಗೆ ಆ ಟಾರ್ಪಾಲಿನ್ ಕಿತ್ತು ಬಿತ್ತು. ಅವರು ಅದನ್ನು ನನ್ನ ಕೈಲಿ ತರಿಸಿ ಜಿಗಿತದ ಗುಂಡಿಗೆ ಹೊದಿಸಿದರು. ಈಗ ನಾಯಿಗಳು ಮರಳು ಗಲೀಜು ಮಾಡುವುದಿಲ್ಲ. ಏನಿದ್ದರೂ ಕೌನ್ಸಿಲರ್ ಮುಖದ ಮೇಲೆ.

ಬೂಟು ಬಿಚ್ಚಲು ಡಾಕ್ಟರು ಒಪ್ಪಿದ್ದಾರೆ. ಮನಾಂಗ್ ದೆಲ್ಮಾ ಈಗ ಶಾಲೆಯ ಗೇಟಿನೆದುರು, ರಸ್ತೆಯಾಚೆ, ಕೂತು ಗಂಜಿ ಮಾರುತ್ತಾರೆ. ಅದಕ್ಕೂ ಮುಂಚೆ, ಬೆಳಗಾಗುತ್ತಲೇ, ಮೈದಾನಕ್ಕೆ ಬಂದು ಟಾರ್ಪಾಲಿನ್ ಮಡಚಿಟ್ಟು, ಅಕೇಶಿಯಾ ಮರ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸುತ್ತಾರೆ. ಇನ್ನೂ ಹಾರುವುದಿಲ್ಲ.