ಕೊನೆಯವರಿಗೆ ಮೊದಲ ಆಯ್ಕೆ

ನನ್ನ ದಿನಚರಿಯ ಪ್ರತಿ ಪುಟದ ಕೆಳಗೆ ‘ಇಂದಿನ ಗಾಬರಿ’ ಅಂತ ಒಂದು ಸಾಲು ಬಿಟ್ಟಿರುತ್ತೇನೆ. ತಾರೀಖು, ವಾರ, ಬಸ್ಸು ಎಷ್ಟು ತಡವಾಗಿ ಬಂತು, ಅವ್ವ ಏನು ಪಲ್ಯ ಮಾಡಿದ್ದಳು ಇವೆಲ್ಲ ಮೇಲೆ ಬರುತ್ತವೆ. ಗಾಬರಿಗೆ ಮಾತ್ರ ಕೆಳಗಿನ ಒಂದೇ ಸಾಲು. ಮಸ್ಕಿಯಿಂದ ಲಿಂಗಸುಗೂರಿನ ಕಚೇರಿಗೆ ದಿನಾ ಹೋಗಿ ಬರುವವಳಿಗೆ ಅಷ್ಟು ಜಾಗ ಸಾಕು. ಹೆಚ್ಚಿನ ದಿನ ಅದು ಖಾಲಿಯೇ ಉಳಿಯುತ್ತದೆ. ‘ಕಿಟಕಿ ಪಕ್ಕದ ಸೀಟು ಸಿಕ್ಕಿತು’ ಎಂಬಂಥ ಗಾಬರಿ ತಿಂಗಳಿಗೆ ಒಂದೋ ಎರಡೋ. ಅಂಥ ದಿನಚರಿಯಲ್ಲಿ ಒಮ್ಮೆ ಗಾಬರಿ ತನ್ನ ಸಾಲು ದಾಟಿ, ಅಂಚು ತುಂಬಿ, ಮರುದಿನದ ಪುಟಕ್ಕೂ ಹರಿಯಿತು. ಕಾರಣ, ಅಮೆರಿಕದ ಒಂದು ಫುಟ್‌ಬಾಲ್ ತಂಡ.

ನಮಗೂ ಅಮೆರಿಕಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ನಮ್ಮಣ್ಣ ದುರ್ಗೇಶ. ವೃತ್ತಿಯಿಂದ ಕರೆಂಟಿನ ಲೈನ್‌ಮನ್, ಪ್ರೀತಿಯಿಂದ ಮಸ್ಕಿ ಕಬಡ್ಡಿ ತಂಡದ ಕ್ಯಾಪ್ಟನ್. ಭತ್ತದ ಕೊಯ್ಲು ಮುಗಿದ ಮೇಲೆ ಸಿಂಧನೂರು, ಲಿಂಗಸುಗೂರು, ಹಟ್ಟಿ, ಮಸ್ಕಿ ಈ ನಾಲ್ಕು ಊರಿನ ತಂಡಗಳು ಪ್ರತಿ ವರ್ಷ ಆಡುತ್ತವೆ. ಪಾಯಿಂಟು ಬರೆಯುವ ಕೆಲಸ ನನ್ನದು. ಗೆಲ್ಲುವುದು ಸಿಂಧನೂರಿನ ಕೆಲಸ. ಕೊನೆಗೆ ಬರುವುದನ್ನು ನಮ್ಮವರು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನಮ್ಮ ತಂಡದ ಚರಿತ್ರೆಯನ್ನು ಸಾಲು ಸಾಲಾಗಿ, ಒಂದೊಂದು ವರ್ಷಕ್ಕೆ ಒಂದೊಂದು ಗೆರೆಯಂತೆ ಚೊಕ್ಕಟವಾಗಿ ಬರೆಯಬೇಕೆಂದು ನನಗೆ ಆಸೆ. ಬೇರೆಯವರು ಹೇಗೆ ಬರೆಯುತ್ತಾರೆಂದು ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹುಡುಕಿದಾಗ ಈ ಅಮೆರಿಕದ ತಂಡ ಎದುರಾಯಿತು.

ಮೊದಲ ಗಾಬರಿ ಆಟದ್ದೇ. ಹೆಸರು ಫುಟ್‌ಬಾಲ್, ಚೆಂಡು ಮಾತ್ರ ಹೆಚ್ಚು ಹೊತ್ತು ಕೈಯಲ್ಲಿ. ಅದೂ ದುಂಡಗಿಲ್ಲ, ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದ, ಎರಡೂ ತುದಿ ಚೂಪು. ಆಟಗಾರರ ತಲೆಗೆ, ಹೆಗಲಿಗೆ, ತೊಡೆಗೆ ಎಷ್ಟು ಕಟ್ಟಿರುತ್ತಾರೆಂದರೆ ಹಟ್ಟಿಯ ಗಣಿಯೊಳಗೆ ಇಳಿಯುವವರೂ ಅಷ್ಟು ಹೊತ್ತುಕೊಂಡು ಇಳಿಯಲಿಕ್ಕಿಲ್ಲ. ಒಬ್ಬ ಓಡುತ್ತಾನೆ, ಉಳಿದವರು ಬಿದ್ದು ಅವನನ್ನು ಕೆಡವುತ್ತಾರೆ. ಅಣ್ಣನಿಗೆ ವಿಡಿಯೊ ತೋರಿಸಿದೆ. ಉಸಿರು ಹಿಡಿಯುವುದೊಂದು ಬಿಟ್ಟರೆ ಇದು ನಮ್ಮ ಆಟವೇ ಎಂದು ಅವನು ತೀರ್ಪು ಕೊಟ್ಟ.

ಎರಡನೆಯ ಗಾಬರಿ ಅವರ ಪಟ್ಟಿಯದು. ಎಷ್ಟೋ ದಶಕದ ಸೋಲು ಗೆಲುವು, ಒಂದು ವರ್ಷವನ್ನೂ ಬಿಡದೆ ಬರೆದಿಟ್ಟಿದ್ದಾರೆ. ಗೆದ್ದ ವರ್ಷಕ್ಕೆ ಎಷ್ಟು ಜಾಗವೋ ಮಾನ ಹೋದ ವರ್ಷಕ್ಕೂ ಅಷ್ಟೇ ಜಾಗ. ನಾನು ಶಾಸನದ ಊರಿನವಳು. ನಮ್ಮ ಬಂಡೆಯ ಮೇಲೆ ಒಬ್ಬ ಚಕ್ರವರ್ತಿ, ಒಳ್ಳೆಯದನ್ನು ಸಾಧಿಸುವುದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಆಗುತ್ತದೆ ಎಂಬ ಅರ್ಥದ ಮಾತು ಕೆತ್ತಿಸಿದ್ದಾನೆ. ಒಳ್ಳೆಯ ಮಾತೇ. ಆದರೆ ಆಮೇಲೆ ಬಂದ ರಾಜರ ಕಲ್ಲುಗಳನ್ನು ನೋಡಿ. ಸೋತವನ ಹೆಸರು ಸಿಗುವುದು ಗೆದ್ದವನ ಶಾಸನದಲ್ಲಿ ಮಾತ್ರ. ತಾನೇ ಸೋತು, ತಾನೇ ಕುಳಿತು ವರ್ಷವಾರು ಬರೆದಿಡುವ ಜನರನ್ನು ನಾನು ಕಂಡದ್ದು ಆ ಬಸ್ಸಿನಲ್ಲೇ ಮೊದಲು.

ಮೂರನೆಯದನ್ನು ನಾನು ಎರಡೆರಡು ಸಲ ಓದಿದೆ. ಪಟ್ಟಿಯ ನಡುವೆ ಒಂದು ಕಡೆ ಊರಿನ ಹೆಸರೇ ಬದಲಾಗಿತ್ತು. ತಂಡದ ಯಜಮಾನ ಒಂದು ವರ್ಷ ತಂಡವನ್ನು ಎತ್ತಿಕೊಂಡು ಬೇರೆ ನಗರಕ್ಕೆ ಹೋಗಿದ್ದ. ಆಟಗಾರರು ಅವರೇ, ಊರು ಬೇರೆ. ಹಿಂದಿನ ಊರಿನವರು ಅತ್ತರೋ, ಬೈದರೋ, ಪಟ್ಟಿ ಏನೂ ಹೇಳುವುದಿಲ್ಲ. ಒಂದು ಗೆರೆ, ಅಷ್ಟೆ.

ಹಾಗೆ ಓದಲು ಕಾರಣವಿತ್ತು. ನಮ್ಮ ತಂಡಕ್ಕೂ ಒಬ್ಬ ಯಜಮಾನರಿದ್ದಾರೆ. ತುರ್ವಿಹಾಳದ ಅಮರೇಗೌಡರು. ಮಸ್ಕಿಯಲ್ಲಿ ಅವರ ಗೊಬ್ಬರದ ಅಂಗಡಿಯಿದೆ, ಆ ಅಂಗಡಿಯ ಹೆಸರನ್ನು ನಮ್ಮ ಹುಡುಗರು ಬೆನ್ನ ಮೇಲೆ ಹೊತ್ತು ಆಡುತ್ತಾರೆ. ಬಟ್ಟೆ, ಊಟ, ಓಡಾಟದ ಗಾಡಿ ಎಲ್ಲ ಅವರದು. ಕಳೆದ ಸಲ ಕೊನೆಗೆ ಬಂದಾಗ ಅವರು ಅಣ್ಣನನ್ನು ಅಂಗಡಿಗೆ ಕರೆಸಿ, ಇನ್ನೊಂದು ಸಲ ಹೀಗಾದರೆ ತಂಡವನ್ನು ತಮ್ಮೂರಿಗೆ ಒಯ್ಯುವುದಾಗಿ ಹೇಳಿದ್ದರು. ಅದನ್ನು ನಾವು ಸಿಟ್ಟಿನ ಮಾತು ಅಂದುಕೊಂಡಿದ್ದೆವು. ತಂಡವನ್ನು ಒಯ್ಯಲು ಅದೇನು ಎಮ್ಮೆಯೇ? ಒಯ್ಯಬಹುದು ಎಂದು ಅಮೆರಿಕ ಹೇಳುತ್ತಿತ್ತು.

ನಾಲ್ಕನೆಯ ಗಾಬರಿ ಮಾತ್ರ ಸಿಹಿಯಾಗಿತ್ತು. ಅಲ್ಲಿ ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವಂತೆ. ಆ ಸರದಿಯಲ್ಲಿ ಮೊದಲು ನಿಲ್ಲುವುದು ಹಿಂದಿನ ಸಲ ಎಲ್ಲರಿಗಿಂತ ಕೆಳಗೆ ಬಂದ ತಂಡ. ನಮ್ಮಲ್ಲಿ ಇದರ ತಿರುಗುಮುರುಗು. ಸುತ್ತಲ ಹಳ್ಳಿಯ ಹೊಸ ಹುಡುಗರಲ್ಲಿ ಗೆದ್ದ ಸಿಂಧನೂರು ಮೊದಲು ಆರಿಸುತ್ತದೆ, ಸೋತ ಮಸ್ಕಿಗೆ ಉಳಿದವರು. ಹಾಗಾಗಿ ಗೆದ್ದವರೇ ಗೆಲ್ಲುತ್ತಾರೆ. ನನಗೆ ಕೂತಲ್ಲೇ ರೆಕ್ಕೆ ಬಂದಂತಾಯಿತು. ಆ ಸಲ ಮುದಗಲ್ ಕಡೆಯ ಹನುಮೇಶ ಎಂಬ ರೈಡರ್ ಹೊಸಬರಲ್ಲಿದ್ದ. ಅವನು ನಡುಗೆರೆ ದಾಟಿ ಹೋದರೆ ಯಾರನ್ನಾದರೂ ಮುಟ್ಟದೆ ಮರಳಿದ್ದನ್ನು ನಾನು ಕಂಡಿಲ್ಲ. ಅವನೊಬ್ಬ ಬಂದರೆ ತಂಡ ಮಸ್ಕಿಯಲ್ಲೇ ಉಳಿಯುತ್ತಿತ್ತು.

ಲಿಂಗಸುಗೂರಿನಲ್ಲಿ ನಾಲ್ಕೂ ತಂಡದವರು ಸೇರಿದಾಗ ನಾನು ವಿಷಯ ಎತ್ತಿದೆ. ಪಂದ್ಯ ನಡೆಸುವವರು ಖಾಜಾ ಸರ್, ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು.

“ಸೋತಾಂವಗ ಮೊದಲ ಕೊಟ್ರ, ಗೆದ್ದಾಂವ ಏನು ಗುನ್ಹೆ ಮಾಡ್ಯಾನವಾ ಸುಜಾತಾ?” ಎಂದರು.

ಸಿಂಧನೂರಿನ ಕ್ಯಾಪ್ಟನ್ ವೀರೇಶ ನಕ್ಕ. “ಹಂಗಾದ್ರ ನಾವೂ ಸೋಲ್ತೀವಿ ತಗೋರಿ. ಸೋಲೂದು ಹೆಂಗಂತ ದುರ್ಗೇಶಣ್ಣ ಕಲಿಸ್ತಾನ.”

ಆಟ ನೋಡಲು ಬರುವ ಜನರ ಲೆಕ್ಕವನ್ನು ನಾನು ಖಾಜಾ ಸರ್ ಮುಂದೆ ಇಟ್ಟೆ. ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿರುವ ಆಟಕ್ಕೆ ಯಾರು ಬರುತ್ತಾರೆ? ವರ್ಷದಿಂದ ವರ್ಷಕ್ಕೆ ನೋಡುವವರಿಗೆ ಹಾಸಿದ ಚಾಪೆಗಳೇ ಖಾಲಿ. ಅವರು ಬಹಳ ಹೊತ್ತು ಗಡ್ಡ ತುರಿಸಿಕೊಂಡು ಒಪ್ಪಿದರು. ಒಂದೇ ಶರತ್ತು: ಮೊದಲ ಆಯ್ಕೆ ಯಾರದೋ, ಆರಿಸುವ ಸಭೆಯೂ ಅವರ ಮನೆಯಲ್ಲೇ ಆಗಬೇಕು. ನಾನು ಅದನ್ನೂ ನಮ್ಮ ಲಾಭದ ಕಡೆಗೇ ಬರೆದುಕೊಂಡೆ. ಅಮೆರಿಕದವರು ಆ ಸಭೆಯನ್ನು ಯಾರ ಮನೆಯಲ್ಲೂ ಮಾಡುವುದಿಲ್ಲ ಎಂಬುದನ್ನು ನಾನು ಗಮನಿಸಬೇಕಿತ್ತು.

ಸಭೆ ಒಂದು ಭಾನುವಾರ, ನಮ್ಮ ಮನೆಯ ಪಡಸಾಲೆಯಲ್ಲಿ. ಗೋಡೆಯ ಮೇಲಿನ ಬುದ್ಧನ ಫೋಟೊವನ್ನು ಅವ್ವ ಹಿಂದಿನ ದಿನವೇ ಒರೆಸಿದ್ದಳು. ಬೆಳಿಗ್ಗೆಯಿಂದ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ನಮ್ಮ ಅಜ್ಜನ ಕಾಲದಲ್ಲಿ ಇಷ್ಟು ಊರಿನ, ಇಷ್ಟು ಮನೆತನದ ಜನ ನಮ್ಮ ಮನೆಯಲ್ಲಿ ಕೂತು ರೊಟ್ಟಿ ಮುರಿದದ್ದಿಲ್ಲ. ಅವ್ವ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ರೊಟ್ಟಿಯನ್ನು ಮಾತ್ರ ಎಣಿಸದೆ ಬಡಿದಳು. ಮನೆಯಲ್ಲಿ ಲೆಕ್ಕ ಇಡುವವಳು ನಾನು, ನಾನೂ ಎಣಿಸಲಿಲ್ಲ.

ಈ ಊಟದ ಕ್ರಮವೇ ಒಂದು ವಿಚಿತ್ರ ಶಾಸ್ತ್ರ. ಬಂದವರಿಗೆಲ್ಲ ಬಡಿಸಿ, ಸಾಕು ಸಾಕು ಎಂದವರ ತಾಟಿಗೆ ಇನ್ನೊಂದು ಹಾಕಿ, ಅವರು ಕೈ ತೊಳೆದ ಮೇಲೆ ಮನೆಯವರು ಕೂಡಬೇಕು. ಇದನ್ನು ಯಾರೂ ಯಾರಿಗೂ ಕಲಿಸಿದ್ದನ್ನು ನಾನು ನೋಡಿಲ್ಲ. ಆದರೂ ಹಸಿವಾಗಿದೆ ಎಂದು ಮನೆಯ ಗಂಡಸು ಮೊದಲ ರೊಟ್ಟಿಗೆ ಕೈ ಹಾಕಿದ್ದನ್ನೂ ನೋಡಿಲ್ಲ. ಅಂದು ಅಣ್ಣ ನೀರಿನ ತಂಬಿಗೆ ಹಿಡಿದು ಒಬ್ಬೊಬ್ಬರ ಮುಂದೆ ಬಗ್ಗುತ್ತಿದ್ದ.

ಎಲ್ಲರೂ ಕೈ ಒರೆಸಿಕೊಂಡ ಮೇಲೆ ಖಾಜಾ ಸರ್ ಶುರು ಮಾಡಿದರು. ಮೊದಲ ಆಯ್ಕೆ ಮಸ್ಕಿಯದು, ಹೆಸರು ಹೇಳು ಅಂದರು. ನಾನು ‘ಹನುಮೇಶ’ ಎಂದು ಆಗಲೇ ಬರೆದುಬಿಟ್ಟಿದ್ದೆ. ಅಣ್ಣ ತಂಬಿಗೆಯನ್ನು ಕೆಳಗಿಟ್ಟು ಕೈ ಮುಗಿದ.

“ನಮ್ಮನಿಗೆ ಬಂದೀರಿ. ನಾ ಹೆಂಗ ಮೊದಲ ತಗೊಳ್ಳಲ್ರಿ? ನೀವ ತಗೊಳ್ರಿ.”

ಬರೆದಿದ್ದ ಹೆಸರಿನ ಮೇಲೆ ನಾನು ಅಂಗೈ ಮುಚ್ಚಿದೆ. ಲಿಂಗಸುಗೂರಿನವನು ಛೇ ಛೇ, ನೀವೇ ಎಂದ. ಹಟ್ಟಿಯವನು ಸಿಂಧನೂರಿನವರು ದೂರದಿಂದ ಬಂದಿದ್ದಾರೆ, ಅವರೇ ಹೇಳಲಿ ಎಂದ. ವೀರೇಶ ಮಾತ್ರ, ಮನೆಯವರು ಇಷ್ಟು ಹೇಳಿದ ಮೇಲೆ ಇಲ್ಲ ಅನ್ನುವುದು ಚೆಂದ ಕಾಣುವುದಿಲ್ಲ ಎನ್ನುತ್ತ, ಎಣ್ಣೆಗಾಯಿಯನ್ನು ಇನ್ನೊಂದು ಸಲ ಹಾಕಿಸಿಕೊಂಡಷ್ಟೇ ಸಂಕೋಚದಿಂದ ಹನುಮೇಶನ ಹೆಸರು ಹೇಳಿದ. ಖಾಜಾ ಸರ್ ಕಣ್ಣು ತೇವವಾಗಿ ಅಣ್ಣನ ಬೆನ್ನು ಸವರಿದರು. ಸರದಿ ಸುತ್ತಿ ಬಂದಾಗ ನಮಗೆ ಉಳಿದವನು ಒಬ್ಬ ಒಳ್ಳೆಯ ಹುಡುಗ. ಅವನ ಬಗ್ಗೆ ಎಲ್ಲರೂ ಹೇಳುತ್ತಿದ್ದದ್ದೂ ಅಷ್ಟೇ.

ಎಲ್ಲರೂ ಹೋದ ಮೇಲೆ ನಾನು ಅಣ್ಣನೊಂದಿಗೆ ಮಾತು ಬಿಟ್ಟೆ. ಅವ್ವ ಮಾತ್ರ ಅವನ ತಾಟಿಗೆ ಕೆನೆಮೊಸರು ಹಾಕಿದಳು. ಮರುದಿನ ಗೌಡರು ಬೈಕಿನ ಮೇಲೆ ಬಂದು, ಇಳಿಯದೆಯೇ ಬೈದರು.

“ಉಣ್ಣಾಕ ಮೊದಲ ಕೊಡು, ಬ್ಯಾಡಂದವ್ರ್ಯಾರು? ಹನುಮೇಶೇನು ಎಣ್ಣೆಗಾಯೇನಲೇ, ಬಡಿಸಾಕ?”

ಅಣ್ಣ ತಲೆ ತಗ್ಗಿಸಿ, ಬಂದವರ ಮುಂದೆ ಬಾಯಿ ಬರಲಿಲ್ಲ ಎಂದ. ಒಳಗೆ ಬಂದು ಚಹಾ ಕುಡಿಯಿರಿ ಎಂದೂ ಸೇರಿಸಿದ. ಗೌಡರು ಗಾಡಿ ತಿರುಗಿಸಿದರು.

ಆ ವರ್ಷ ಏನಾಯಿತೆಂದು ನೀವು ಊಹಿಸಿರುತ್ತೀರಿ. ಸಿಂಧನೂರು ಗೆದ್ದಿತು. ಹಟ್ಟಿಯ ಮೇಲಿನ ಕೊನೆಯ ಆಟ ಗೆದ್ದಿದ್ದರೆ ನಾವು ಮೂರನೆಯವರಾಗುತ್ತಿದ್ದೆವು. ಗೆಲ್ಲಲಿಲ್ಲ. ಗೌಡರು ಮಾತಿಗೆ ತಪ್ಪಲಿಲ್ಲ. ಚಾಪೆ, ಬಟ್ಟೆಗಳ ಗಂಟು ತುರ್ವಿಹಾಳಕ್ಕೆ ಹೋಯಿತು. ಹುಡುಗರು ಅವರೇ, ಕ್ಯಾಪ್ಟನ್ ಅಣ್ಣನೇ, ಎದೆಯ ಮೇಲಿನ ಊರು ಮಾತ್ರ ಬೇರೆ. ನನ್ನ ಪಟ್ಟಿಯಲ್ಲಿ ‘ಮಸ್ಕಿ’ ಇದ್ದ ಜಾಗದಲ್ಲಿ ‘ತುರ್ವಿಹಾಳ’ ಎಂದು ಬರೆದೆ. ಒಂದು ಗೆರೆ, ಅಷ್ಟೆ. ಬರೆಯುವವರು ಎಷ್ಟು ಸಲ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರೆಂಬುದು ಪಟ್ಟಿಯಲ್ಲಿ ಕಾಣುವುದಿಲ್ಲ ಎಂದು ಅವತ್ತು ತಿಳಿಯಿತು. ಅಮೆರಿಕದ ಆ ಗೆರೆಯನ್ನು ಬರೆದವರ ಮೇಲೆ ನನಗೆ ಮೊದಲ ಸಲ ಕರುಣೆ ಬಂತು. ಅಣ್ಣ ಸಂಜೆ ಕೆಲಸ ಮುಗಿಸಿ ಅಭ್ಯಾಸಕ್ಕೆ ಬಸ್ಸು ಹತ್ತಿ ಹೋಗತೊಡಗಿದ. ನಮ್ಮೂರ ಬಯಲಿನಲ್ಲಿ ಕಬಡ್ಡಿ ಅಂಕಣದ ಗೆರೆಯ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದರು.

ಮುಂದಿನ ಆಯ್ಕೆಯ ಸಭೆ ನಿಯಮದಂತೆ ತುರ್ವಿಹಾಳದಲ್ಲಿ, ಗೌಡರ ಮನೆಯಲ್ಲಿ. ಅವರು ಬಾಗಿಲಲ್ಲೇ ಅಣ್ಣನನ್ನು ತಡೆದು, ಈ ಸಲ ಹೆಸರು ತಾವೇ ಹೇಳುವುದಾಗಿಯೂ ಅವನು ಬಾಯಿ ತೆರೆಯಕೂಡದೆಂದೂ ಎಚ್ಚರಿಸಿದರು. ಆಮೇಲೆ ಊಟ. ಕಾಲುವೆ ನೀರಿನ ಊರು, ಮಲ್ಲಿಗೆಯಂಥ ಅನ್ನ, ಗೋಧಿ ಹುಗ್ಗಿ, ಅದರ ಮೇಲೆ ಕರಗುವ ತುಪ್ಪ. ಗೌಡರು ತಾವೇ ತುಪ್ಪದ ಗಿಂಡಿ ಹಿಡಿದು ಸಾಲಿನ ಮೇಲೆ ಸಾಲು ಸುತ್ತಿದರು. ಇನ್ನಷ್ಟು, ಇನ್ನಷ್ಟು ಎಂದು ವೀರೇಶನ ಕೈ ಸರಿಸಿ ಸುರಿದರು. ನನಗೆ ಯಾಕೋ ಹೆದರಿಕೆಯಾಯಿತು.

ಖಾಜಾ ಸರ್ ಮೊದಲ ಆಯ್ಕೆ ತುರ್ವಿಹಾಳದ್ದು ಎಂದರು. ಗೌಡರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಬಂದವರೆಲ್ಲ ಉಂಡ ಆಯಾಸದಲ್ಲಿ ಗೋಡೆಗೆ ಒರಗಿ ಅವರ ಮುಖ ನೋಡುತ್ತಿದ್ದರು. ಗೌಡರ ಬಾಯಿ ಒಮ್ಮೆ ತೆರೆದು ಮುಚ್ಚಿತು. ಮತ್ತೆ ತೆರೆಯಿತು. ಅಷ್ಟರಲ್ಲಿ ಎರಡೂ ಕೈಗಳು, ಅವರನ್ನು ಕೇಳದೆಯೇ, ಒಂದಾಗಿದ್ದವು.

“ಮನಿಗೆ ಬಂದೀರಿ,” ಎಂದರು. “ನೀವ ಮೊದಲ ಹೇಳ್ರಿ.”

ಯಾರೂ ನಗಲಿಲ್ಲ. ವೀರೇಶ ಆ ಸಲದ ಹೊಸಬರಲ್ಲಿ ಎಲ್ಲರಿಗಿಂತ ಚುರುಕಾದವನನ್ನು ಆರಿಸಿಕೊಂಡ. ಅಣ್ಣ ನೆಲ ನೋಡುತ್ತಿದ್ದ, ಅವನ ಹೆಗಲು ಮಾತ್ರ ಕುಲುಕುತ್ತಿತ್ತು. ನನಗೆ ಒಂದು ವರ್ಷದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಣ್ಣನ ಪಕ್ಕ ಹೋಗಿ ಕೂತೆ.

ಹೊರಡುವಾಗ ಗೌಡರು ಅಂಗಳದಲ್ಲಿ ಅಣ್ಣನ ಕೈ ಹಿಡಿದರು.

“ನನಗಾಗದ್ದು ನಿನಗ ಆಗ್ಲಿಲ್ಲಂತ ಟೀಮು ಕಸ್ಕೊಂಡಿದ್ದೆ,” ಎಂದರು. “ನಿಮ್ಮೂರಿಗೇ ಒಯ್ಯಿ. ತಪ್ಪು ನಿಂದಲ್ಲಲೇ ದುರ್ಗೇಶಾ, ಮನೀದು.”

ತಂಡ ಹೋದಷ್ಟೇ ಸುಲಭವಾಗಿ ಮರಳಿತು. ಆದರೆ ನನ್ನ ತಲೆಯಲ್ಲಿ ಕೂತದ್ದು ಅವರ ಕೊನೆಯ ಮಾತು. ತಪ್ಪು ಮನೆಯದು. ಯಾರ ಮನೆಯಲ್ಲಿ ಸಭೆಯೋ ಅವರಿಗೆ ಬಾಯಿ ಬರುವುದಿಲ್ಲ. ಇಷ್ಟು ಸರಳ ಲೆಕ್ಕಕ್ಕೆ ನನಗೆ ಎರಡು ಸಭೆ ಬೇಕಾಗಿತ್ತು. ಅಮೆರಿಕದ ನಿಯಮವೇ ನಮಗೆ ಬೇಕಾಗಿರಲಿಲ್ಲ.

ಗಾಡಿ ಹತ್ತುತ್ತಿದ್ದ ಖಾಜಾ ಸರ್ ಅವರನ್ನು ನಿಲ್ಲಿಸಿ ಕಿವಿಯಲ್ಲಿ ಹೇಳಿದೆ. ಅವರು ನನ್ನನ್ನು ನೋಡಿದರು, ಗೌಡರ ಮನೆಯನ್ನು ನೋಡಿದರು, ಗಡ್ಡದೊಳಗೆ ಒಂದಿಷ್ಟು ನಕ್ಕರು. ನಂತರ ಎಲ್ಲರಿಗೂ ಕೇಳುವಂತೆ, ಇನ್ನು ಮುಂದೆ ಆಯ್ಕೆಯ ಸಭೆ ಗೆದ್ದವರ ಮನೆಯಲ್ಲಿ, ಯಾರು ಮೊದಲು ಎಂಬುದನ್ನು ಅಲ್ಲಿಯೇ ನೋಡೋಣ ಎಂದರು.

ವೀರೇಶನ ಮುಖ ಅರಳಿತು. ಗೆದ್ದವರಿಗೆ ಅಷ್ಟಾದರೂ ಮರ್ಯಾದೆ ಬೇಕೇ ಬೇಕು ಎಂದ. ತನ್ನ ಅವ್ವ ಮಾಡುವ ಹೂರಣದ ಹೋಳಿಗೆ ಒಮ್ಮೆ ತಿಂದವರು ಮರೆಯುವುದಿಲ್ಲ, ಮನೆಮಂದಿಯನ್ನೆಲ್ಲ ಕರೆದುಕೊಂಡು ಬರಬೇಕು ಎಂದು ಒಬ್ಬೊಬ್ಬರಿಗೂ ಕೈ ಮುಗಿದು ಹೇಳಿದ. ಎಲ್ಲರೂ ಬರುತ್ತೇವೆಂದರು. ಎಲ್ಲರಿಗಿಂತ ಮೊದಲು ಒಪ್ಪಿದವನು ನಮ್ಮಣ್ಣ.