ತಪ್ಪು ಹಾಡಿದ ವಿಡಿಯೋಗಳು

ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೇ ನನಗೆ ರೇಗಿಹೋಗಿತ್ತು. ವಿಜಯವಾಡದ ಒಂದು ಮಾಲ್‌ನ ಥಿಯೇಟರು, ಬೆಳಗಿನ ಆಟ. ಪರದೆಯ ಮೇಲೆ ಹೊರದೇಶದ ಒಬ್ಬ ಪಾಪ್ ಗಾಯಕ. ದೊಡ್ಡ ಕಾರ್ಯಕ್ರಮಕ್ಕೆ ಕೆಲವೇ ದಿನ ಇರುವಾಗ ತೀರಿಕೊಂಡನಂತೆ. ಕಾರ್ಯಕ್ರಮ ನಡೆಯಲೇ ಇಲ್ಲ, ಅದಕ್ಕೆಂದು ಮಾಡಿದ ತಾಲೀಮುಗಳನ್ನೇ ಜೋಡಿಸಿ ಸಿನಿಮಾ ಮಾಡಿದ್ದರು. ಆ ಮಹಾಶಯ ಬಾಯಿಬಿಟ್ಟು ಹಾಡುತ್ತಲೇ ಇರಲಿಲ್ಲ. ಅರ್ಧ ಸಾಲು ಗುನುಗಿ, ಗಂಟಲು ಮುಟ್ಟಿಕೊಂಡು ನಗುತ್ತಿದ್ದ. ಒಂದು ಕಡೆ ಸಾಲನ್ನೇ ಮರೆತ. ಥಿಯೇಟರಿನ ತುಂಬ ಚಪ್ಪಾಳೆ. ಸಾಲು ಮರೆತದ್ದಕ್ಕೆ ಚಪ್ಪಾಳೆ ತಟ್ಟುವ ಜನವನ್ನು ನಾನು ನೋಡಿದ್ದು ಅದೇ ಮೊದಲು.

ಪಕ್ಕದಲ್ಲಿ ಕೂತಿದ್ದವಳು ನನ್ನ ಗೆಳತಿಯ ಮಗಳು. ಅಲ್ಲಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಗೆಳತಿ ತೀರಿಹೋಗಿ ಏಳು ತಿಂಗಳಾಗಿತ್ತು. ಬ್ಯಾಂಕಿನ ಟ್ರೇನಿಂಗಿಗೆಂದು ನಾನು ವಿಜಯವಾಡಕ್ಕೆ ಬಂದದ್ದು ತಿಳಿದು, "ಆಂಟಿ, ಭಾನುವಾರ ನನ್ನ ಜೋಡಿ ಒಂದು ಸಿನಿಮಾಕ್ಕ ಬರ್ರಿ" ಎಂದು ಫೋನ್ ಮಾಡಿದ್ದಳು. ಒಲ್ಲೆ ಎನ್ನಲು ಬಾಯಿ ಬರಲಿಲ್ಲ.

ನಾನು ಮೈಸೂರಿನವಳು. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು ಒಂಬತ್ತು ವರ್ಷ. ಅಲ್ಲಿಯ ಕನ್ನಡ ಬಳಗದ ನವೆಂಬರ್ ಕಾರ್ಯಕ್ರಮಕ್ಕೆ ಹೆಂಗಸರಿಗೆ ಹಾಡು ಕಲಿಸುವ ಉಸಾಬರಿಯನ್ನು ನಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದೆ. ಎಂಟು ಜನ, ಎರಡನೇ ಮತ್ತು ನಾಲ್ಕನೇ ಶನಿವಾರ, ಸಿಂಹಾಚಲದ ಹತ್ತಿರದ ನಮ್ಮ ಮನೆಯ ನಡುಮನೆ. ಗೆಳತಿ ಧಾರವಾಡದವಳು. ಗಂಡನಿಗೆ ವಿಜಯವಾಡಕ್ಕೆ ವರ್ಗವಾದ ಮೇಲೂ ಅವಳು ಪ್ರಾಕ್ಟೀಸ್ ತಪ್ಪಿಸಲಿಲ್ಲ. ಮುಂಜಾನೆಯ ರೈಲು ಹತ್ತಿ, ದುವ್ವಾಡದಲ್ಲಿ ಇಳಿದು, ಆಟೋ ಹಿಡಿದು, ಚೀಲದಲ್ಲಿ ಶೇಂಗಾ ಚಟ್ನಿಪುಡಿ ಇಟ್ಟುಕೊಂಡು ಬರುತ್ತಿದ್ದಳು. ಇಷ್ಟೆಲ್ಲ ಮಾಡಿ ಬಂದು ತಪ್ಪು ಹಾಡುತ್ತಿದ್ದಳು.

ಎರಡನೇ ಚರಣದ ಎರಡು ಸಾಲು ಅವಳೊಬ್ಬಳದೇ. ಪ್ರತಿಸಲವೂ ಎರಡನೇ ಸಾಲನ್ನು ತಾಳಕ್ಕಿಂತ ಮೊದಲೇ ಎತ್ತಿಬಿಡುವಳು. ಪ್ರಾಕ್ಟೀಸನ್ನು ಫೋನಿನಲ್ಲಿ ಹಿಡಿದು ಗ್ರೂಪಿಗೆ ಹಾಕುವುದು ನಮ್ಮ ಪದ್ಧತಿ. ಅದರ ಹಿಂದೆಯೇ ನನ್ನದೊಂದು ಕಟ್ಟಪ್ಪಣೆ: ಸರಿಯಾಗಿ ಬಂದದ್ದನ್ನು ಮಾತ್ರ ಇಟ್ಟುಕೊಳ್ಳಿ, ತಪ್ಪಿರುವುದನ್ನು ಎಲ್ಲರೂ ಡಿಲೀಟ್ ಮಾಡಿ, ತಪ್ಪು ಒಮ್ಮೆ ಕಿವಿಯಲ್ಲಿ ಕೂತರೆ ಏಳಿಸುವುದು ಕಷ್ಟ. ಮಾಡಿದವರು ಗ್ರೂಪಿನಲ್ಲಿ 'ಆಯಿತು' ಎಂದು ಬರೆಯಬೇಕು. ಬರೆಯದವರಿಗೆ ನಾನೇ ಫೋನ್ ಮಾಡುತ್ತಿದ್ದೆ. ಎಲ್ಲರ ಸಾಲುಗಳೂ ಒಂದಲ್ಲ ಒಂದು ದಿನ ಸರಿಬಂದವು, ಅವಳದು ಬರಲಿಲ್ಲ. ಕಾರ್ಯಕ್ರಮಕ್ಕೆ ಎರಡು ವಾರ ಇರುವಾಗ ಎದೆನೋವೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಆ ಎರಡು ಸಾಲನ್ನು ವೇದಿಕೆಯ ಮೇಲೆ ನಾನೇ ಹಾಡಿದೆ, ಒಂದಿಷ್ಟೂ ತಪ್ಪಿಲ್ಲದೆ.

ಸಿನಿಮಾ ಮುಗಿದ ಮೇಲೆ ಹುಡುಗಿ ಕಾಫಿ ತಂದುಕೊಟ್ಟು ಎದುರಿಗೆ ಕೂತಳು.

"ಅವಂದು ಇಷ್ಟೆಲ್ಲಾ ಉಳಿಸ್ಯಾರ ನೋಡ್ರಿ ಆಂಟಿ. ಅಮ್ಮಂದೂ ನಿಮ್ಮ ಹತ್ರ ಇರ್ತಾವ ಕದಾ?"

ಹೌದಲ್ಲವೇ ಎಂದು ಕೇಳುವಲ್ಲೆಲ್ಲ ಅವಳಿಗೆ ತೆಲುಗಿನ 'ಕದಾ'ನೇ ಬರುವುದು. ನಾನು ಕಾಫಿ ಕಲಕುತ್ತಾ ಕೂತೆ.

"ಮನ್ಯಾಗ ಬರೇ ಫೋಟೋ ಅದಾವ. ಧ್ವನಿ ಒಂದೂ ಇಲ್ಲ. ಅಮ್ಮನ ಫೋನಿನ್ಯಾಗ ಎಲ್ಲಾ ಹುಡುಕಿದೆ, ಹಾಡಿಂದು ಏನೂ ಸಿಗಲಿಲ್ಲ."

ಸಿಗುವುದು ಹೇಗೆ? ಎಲ್ಲರಿಗಿಂತ ಮೊದಲು 'ಆಯಿತು' ಎಂದು ಬರೆಯುತ್ತಿದ್ದವಳು ಅವಳೇ. "ಹುಡುಕಿ ಕಳಿಸ್ತೀನಮ್ಮ" ಎಂದೆ.

ನನ್ನ ಫೋನಿನಲ್ಲೂ ಒಂದೂ ಉಳಿದಿರಲಿಲ್ಲ. ವಿಶಾಖಪಟ್ಟಣಕ್ಕೆ ಮರಳಿದವಳೇ ಗ್ರೂಪಿನ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಎಲ್ಲರದೂ ಒಂದೇ ಮಾತು: "ಮೇಡಂ, ನೀವೇ ಹೇಳಿದ್ರಲ್ಲ, ಡಿಲೀಟ್ ಮಾಡಿ ಅಂತ." ಅಲ್ಲ, ಹತ್ತು ಗಂಟೆಗೆ ಬನ್ನಿ ಎಂದರೆ ಹನ್ನೊಂದಕ್ಕೆ ಬರುವ ಜನ, ಕರಿ ಸೀರೆ ಬೇಡ ಎಂದರೆ ಕರಿಯದನ್ನೇ ಉಟ್ಟು ಬರುವ ಜನ, ನನ್ನ ಮಾತುಗಳಲ್ಲಿ ಇದೊಂದನ್ನೇ ಶಿರಸಾವಹಿಸಿ ಪಾಲಿಸಬೇಕಿತ್ತೇ? ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾ ಇದನ್ನೇ ಹೇಳಿಕೊಂಡೆ. ನನ್ನವರು ಪೇಪರಿನಿಂದ ತಲೆ ಎತ್ತದೆ, "ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ?" ಎಂದರು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ಅವರದು ಎತ್ತಿದ ಕೈ.

ಕೊನೆಗೆ ಉಳಿದವರು ಒಬ್ಬರು, ಬಂದರಿನ ಕ್ವಾರ್ಟರ್ಸಿನಲ್ಲಿರುವ ಹಿರಿಯರು. ಅವರು ಅಂಜುತ್ತಲೇ ಹೇಳಿದರು: "ಬೈಬೇಡಿ ಮೇಡಂ. ಡಿಲೀಟ್ ಹೇಗೆ ಮಾಡೋದು ಅಂತ ನನಗೆ ಗೊತ್ತಿರಲಿಲ್ಲ. ಸುಮ್ಮನೆ ಆಯಿತು ಅಂತ ಬರೀತಿದ್ದೆ." ಅವರ ಕಾಲಿಗೆ ಬೀಳಬೇಕೆನ್ನಿಸಿತು. ಆದರೆ ಅವರ ಫೋನು ಎರಡು ಸಲ ಕೆಟ್ಟಿತ್ತು, ಉಳಿದದ್ದು ಒಂದೇ ವಿಡಿಯೋ.

ಮೂವತ್ತು ಸೆಕೆಂಡಿನದು. ಗೆಳತಿ ನಮ್ಮ ಸೋಫಾದ ತುದಿಯಲ್ಲಿ ಕೂತು ಮೊದಲ ಸಾಲು ಹಾಡುತ್ತಾಳೆ. ಚೆನ್ನಾಗಿಯೇ ಹಾಡುತ್ತಾಳೆ. ಎರಡನೆಯದನ್ನು ಎಂದಿನಂತೆ ಬೇಗ ಎತ್ತುತ್ತಾಳೆ. ಆಗ ನನ್ನ ಧ್ವನಿ: "ನಿಲ್ಸಿ, ನಿಲ್ಸಿ. ಎಷ್ಟು ಸಲ ಹೇಳೋದು ನಿಮಗೆ? ನಿಮ್ಮೊಬ್ಬರಿಗೋಸ್ಕರ ಏಳು ಜನ ಕಾಯ್ಬೇಕಾ?" ಆ ಬೈಗುಳದ ಅಡಿಯಲ್ಲೇ ಅವಳು ನಗುತ್ತಾಳೆ. "ಸಿಟ್ಟಾಗಬ್ಯಾಡ್ರಿ ಅಕ್ಕಾರ, ಮುಂದಿನ ಸಲ ಸರಿ ಹಾಡ್ತೀನಿ" ಎನ್ನುತ್ತಾಳೆ. ಅದನ್ನೂ ಪೂರ್ತಿ ಹೇಳಲು ನಾನು ಬಿಟ್ಟಿಲ್ಲ, ಮೇಲೆ ಮೇಲೆ ಮಾತಾಡಿದ್ದೇನೆ. ಇಷ್ಟು ಕರ್ಕಶವೇ ನನ್ನ ಗಂಟಲು ಎಂದು ನಾಚಿಕೆಯಾಯಿತು. ಕಳಿಸದಿದ್ದರೆ ಏನಾದೀತು ಎಂದೂ ಯೋಚಿಸಿದೆ. ಆಮೇಲೆ ಕಳಿಸಿದೆ.

ಒಂದು ಗಂಟೆ ಬಿಟ್ಟು ಹುಡುಗಿ ಫೋನ್ ಮಾಡಿದಳು. ಅತ್ತಿದ್ದಳೆಂದು ಧ್ವನಿಯಲ್ಲೇ ಗೊತ್ತಾಯಿತು.

"ಆಂಟಿ, ಒಂದು ಕೇಳ್ಲ್ಯಾ? ಬ್ಯಾಸರ ಮಾಡ್ಕೋಬ್ಯಾಡ್ರಿ. ಅದರಾಗಿಂದ ನಿಮ್ಮ ಧ್ವನಿ ತಗೀಲಿಕ್ಕೆ ಬರ್ತದ?"

ಮರುದಿನ ರೆಕಾರ್ಡಿಂಗ್ ಸ್ಟುಡಿಯೋ ಒಂದಕ್ಕೆ ಹೋದೆ. ಅಲ್ಲಿಯವನು ಹೆಡ್‌ಫೋನ್ ಹಾಕಿಕೊಂಡು ಸಂಜೆಯವರೆಗೆ ಏನೇನೋ ಮಾಡಿ ನೋಡಿದ. ನನ್ನದನ್ನು ತೆಗೆದರೆ ಅದರ ಕೆಳಗಿರುವ ಅವಳ ನಗುವೂ, ಆ ಮಾತೂ ಹರಿದುಹೋಗುತ್ತವೆ ಎಂದ. ಬೀದಿಯಲ್ಲೇ ನಿಂತು ಹುಡುಗಿಗೆ ಫೋನ್ ಮಾಡಿ, "ಆಗಲ್ಲವಂತಮ್ಮ, ತಪ್ಪು ನಂದೇ" ಎಂದೆ.



"ಇರ್ಲಿ ಬಿಡ್ರಿ ಆಂಟಿ. ನಿಮ್ಮ ಧ್ವನಿ ಬರೋ ತನಕ ಕೇಳಿ, ಅಲ್ಲಿಗೇ ನಿಲ್ಲಿಸ್ತೀನಿ."