ಕೊನೆಯ ಅಧ್ಯಾಯವನ್ನು ಮನೆಯಲ್ಲಿಟ್ಟು ಬಂದವರು

ಅಚ್ಚಾದ ಪುಸ್ತಕದ ಮೇಲೆ ಲೇಖಕರ ಹೆಸರಿರುತ್ತದೆ, ಪ್ರಕಾಶಕರ ಹೆಸರಿರುತ್ತದೆ. ಹಸ್ತಪ್ರತಿಯನ್ನು ಮೊದಲು ಓದಿ ಹೌದು ಅಥವಾ ಇಲ್ಲ ಎಂದವರ ಹೆಸರು ಎಲ್ಲಿಯೂ ಇರುವುದಿಲ್ಲ. ನಮ್ಮ ಪ್ರಕಾಶನ ಸಂಸ್ಥೆಯಲ್ಲಿ ಆ ಹೊಣೆಯನ್ನು ಮೂವತ್ತೊಂದು ವರ್ಷ ಹೊತ್ತು ಈಗ ನಿವೃತ್ತರಾಗುತ್ತಿರುವ ಹಿರಿಯ ಸಂಪಾದಕರನ್ನು ನಾವೆಲ್ಲ ಬೆನ್ನ ಹಿಂದೆ ‘ಇನ್ನೊಂದ್ಸಲ ಸಾರ್’ ಎಂದು ಕರೆಯುತ್ತೇವೆ. ಏನು ತೋರಿಸಿದರೂ ‘ಇನ್ನೊಂದ್ಸಲ ಓದಿ’ ಎನ್ನುವುದು ಅವರ ರೂಢಿ. ಹೆಸರಿಟ್ಟದ್ದು ಅವರಿಗೂ ಗೊತ್ತು.

ಇಪ್ಪತ್ತೆರಡು ವರ್ಷಗಳ ಹಿಂದೆ ನನ್ನ ಪತ್ತೇದಾರಿ ಕಾದಂಬರಿಯನ್ನು ಹಿಡಿದು ಅವರ ಕೋಣೆಯ ಮೆಟ್ಟಿಲು ಹತ್ತಿದೆ. ಹದಿನೇಳು ಅಧ್ಯಾಯ ಕೊಟ್ಟು, ಹದಿನೆಂಟನೆಯದನ್ನು ಮನೆಯ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಬಚ್ಚಿಟ್ಟಿದ್ದೆ.

“ಕೊನೇ ಅಧ್ಯಾಯ ಎಲ್ಲಮ್ಮ?”

“ಯಾರಾದ್ರೂ ಕದ್ದುಬಿಟ್ರೆ ಅಂತ, ಸಾರ್...”

“ಕದಿಯೋಷ್ಟು ಚೆನ್ನಾಗಿದ್ರೆ ನಾವೇ ಅಚ್ಚು ಹಾಕ್ತೀವಲ್ಲ. ಕೊಂದೋರು ಯಾರು ಅಂತ ಗೊತ್ತಾಗ್ದೆ ನಾನು ಹೇಗೆ ತೀರ್ಮಾನ ಮಾಡ್ಲಿ?”

ಮರುದಿನವೇ ತಂದುಕೊಟ್ಟೆ. ಆಮೇಲೆ ವಾರಕ್ಕೊಂದು ಫೋನು. “ಫೋನ್ ಮಾಡಿದ್ರೆ ಸರದಿ ಬೇಗ ಬರಲ್ಲಮ್ಮ. ಅಷ್ಟರಲ್ಲಿ ಇನ್ನೊಂದು ಬರೀರಿ,” ಎಂದರು. ತೊಂಬತ್ತು ದಿನಗಳ ಮೇಲೆ ಅವರ ಕೈಬರಹದಲ್ಲೇ ಪತ್ರ ಬಂತು: ಇಲ್ಲ. ಕಥೆ ಶುರುವಾಗುವುದು ಐದನೆಯ ಅಧ್ಯಾಯದಲ್ಲಿ. ಅಲ್ಲದೆ ಈ ಸಂಸ್ಥೆ ಪತ್ತೇದಾರಿ ಕಾದಂಬರಿಯನ್ನು ಪ್ರಕಟಿಸಿದ್ದೇ ಇಲ್ಲ, ಕಳಿಸುವ ಮುನ್ನ ನಮ್ಮ ಪುಸ್ತಕಪಟ್ಟಿಯನ್ನು ನೋಡಬಹುದಿತ್ತು. ಓದಿ ಅತ್ತುಬಿಟ್ಟೆ. ಪತ್ರದ ಕೊನೆಯಲ್ಲಿ, ಕರಡು ತಿದ್ದುವ ಕೆಲಸ ಖಾಲಿಯಿದೆ, ಮನಸ್ಸಿದ್ದರೆ ಬನ್ನಿ ಎಂದಿತ್ತು. ಸಿಟ್ಟಿನಲ್ಲೇ ಹೋದೆ, ಅಂದಿನಿಂದ ಅವರ ಪಕ್ಕದ ಮೇಜು ನನ್ನದು.

ಆ ಮೇಜಿನಿಂದ ಕಂಡದ್ದರಲ್ಲಿ ಒಂದನ್ನು ಹೇಳಲೇಬೇಕು. ಆಸ್ಪತ್ರೆಯ ನರ್ಸ್ ಒಬ್ಬರ ಮೊದಲ ಕಥಾಸಂಕಲನ ಒಪ್ಪಿಗೆಯಾಗಿ, ಅವರು ಒಪ್ಪಂದಕ್ಕೆ ಸಹಿ ಹಾಕಲು ಬಂದಿದ್ದರು. ಪುಸ್ತಕ ಬರುತ್ತದೆಂಬ ಸಂತೋಷದಲ್ಲಿ ಕಾಗದದ ಕಡೆ ನೋಡದೆ ಪೆನ್ನು ತೆಗೆದರು. ಸಾರ್ ಒಪ್ಪಂದವನ್ನು ಗಟ್ಟಿಯಾಗಿ ಓದಲು ಹೇಳಿದರು. ಏಳನೆಯ ಕಲಮಿನಲ್ಲಿ, ಅನುವಾದ, ನಾಟಕ, ಸಿನಿಮಾ ಎಲ್ಲ ಹಕ್ಕುಗಳೂ ಶಾಶ್ವತವಾಗಿ ಸಂಸ್ಥೆಗೆ ಎಂದಿತ್ತು.

“ಇನ್ನೊಂದ್ಸಲ ಓದಿ. ಅರ್ಥ ಏನು, ನಿಮ್ಮ ಮಾತಲ್ಲಿ ಹೇಳಿ.”

ಓದುತ್ತ ಓದುತ್ತ ಆಕೆಯ ದನಿ ಇಳಿಯಿತು. “ಅಂದ್ರೆ, ನನ್ನ ಕಥೆ ಇನ್ನು ನಂದಲ್ವಾ ಸಾರ್?”

ಸಾರ್ ಆ ಕಲಮಿಗೆ ಅಡ್ಡಗೆರೆ ಎಳೆದು ಮಾಲೀಕರ ಕೋಣೆಗೆ ನಡೆದರು. ಬಾಗಿಲು ತೆರೆದೇ ಇತ್ತು. “ನೀವು ಸಂಬಳ ತಗೊಳ್ಳೋದು ಯಾರ ಹತ್ರ?” ಎಂದರು ಮಾಲೀಕರು. “ನಿಮ್ಮ ಹತ್ರಾನೇ. ಅದಕ್ಕೇ ನಿಮ್ಮ ಹೆಸರು ಕೆಡಬಾರದು ಅಂತೀನಿ.” ಒಪ್ಪಂದ ಐದು ವರ್ಷಕ್ಕೆ ಇಳಿಯಿತು, ಪ್ರತಿಗಳು ಮುಗಿದು ಮರುಮುದ್ರಣವಾಗದಿದ್ದರೆ ಹಕ್ಕು ಲೇಖಕರಿಗೆ ಮರಳಬೇಕೆಂಬ ಸಾಲೂ ಸೇರಿತು. ಆ ವರ್ಷ ಅವರ ಬಡ್ತಿ ನಿಂತಿತು. ಅವರು ಅದರ ಮಾತೆತ್ತಲಿಲ್ಲ.

ಹೊಸಬರು ಬಂದಾಗಲೆಲ್ಲ ಅವರು ಹೇಳುತ್ತಿದ್ದುದು ಇಷ್ಟೇ: ಒಪ್ಪಿಗೆ ಸಿಕ್ಕಿದ ಮೇಲೆ ತಿದ್ದುವ ಕೆಲಸ ಶುರುವಾಗುತ್ತದೆ, ಪುಸ್ತಕ ಕೈಗೆ ಬರಲು ವರ್ಷವೇ ಹಿಡಿಯಬಹುದು, ಬಂದ ಮೇಲೆ ಅದನ್ನು ಓದುಗರ ಬಳಿಗೆ ಒಯ್ಯಲು ನೀವೂ ಓಡಾಡಬೇಕು. ಇದನ್ನು ಕೇಳಿ ಎದ್ದುಹೋದವರೂ ಇದ್ದಾರೆ.

ಹೋದ ತಿಂಗಳು ಸಾರ್ ತಮ್ಮದೇ ಹಸ್ತಪ್ರತಿಯೊಂದನ್ನು, ತಾರೀಕಿನ ಚೀಟಿ ಅಂಟಿಸಿ, ಎಲ್ಲರ ಹಸ್ತಪ್ರತಿಗಳ ಕೆಳಗೆ ಇಟ್ಟರು. ಅವರ ಸ್ಥಾನಕ್ಕೆ ಬರುತ್ತಿರುವವಳು ನಾನಾದ್ದರಿಂದ ಅದು ನನ್ನ ಮೇಜಿಗೆ ಬಂತು. ಹೊಲಿಗೆ ಅಂಗಡಿ ಇಟ್ಟಿದ್ದ ತಂದೆಯ ನೆನಪುಗಳು. ಪರಿವಿಡಿಯಲ್ಲಿ ಹನ್ನೆರಡು ಅಧ್ಯಾಯ, ಕಟ್ಟಿನಲ್ಲಿ ಹನ್ನೊಂದು.

“ಸಾರ್, ಹನ್ನೆರಡನೇದು?”

ಅವರು ಕನ್ನಡಕ ಒರೆಸುತ್ತ ಕೂತರು. “ಬರೆದಾಗಿದೆಯಮ್ಮ. ಮನೇಲಿದೆ. ಅದನ್ನೂ ಕೊಟ್ರೆ, ನೀನು ಬೇಡ ಅಂದ್ಬಿಡಬಹುದಲ್ಲ.”

ನಗು ಬಂತು. ಇಷ್ಟು ವರ್ಷ ಎಷ್ಟೋ ಜನರ ಎದೆಬಡಿತವನ್ನು ಮೇಜಿನ ಆಚೆಯಿಂದ ಕಂಡವರು ಈಗ ಈಚೆ ಕೂತಿದ್ದರು.

ಗುರುಗಳಿಗೆ ದೀರ್ಘಾಯುಷ್ಯವನ್ನೂ ದಣಿಯದ ಕಣ್ಣುಗಳನ್ನೂ ಹಾರೈಸುತ್ತೇನೆ. ಅವರು ಇನ್ನೂ ಬರೆಯಲಿ. ಹನ್ನೆರಡನೆಯ ಅಧ್ಯಾಯವನ್ನು ಬೇಗ ತಲುಪಿಸಲಿ. ನನಗೂ ತೊಂಬತ್ತು ದಿನ ಬೇಕು, ಫೋನು ಮಾಡಬಾರದು. ಉತ್ತರ ಏನೇ ಇರಲಿ, ಕಾರಣಸಹಿತ ನನ್ನ ಕೈಬರಹದಲ್ಲೇ ಬರುತ್ತದೆ. ಅವರು ಕೊಟ್ಟ ಒಂದು ‘ಇಲ್ಲ’ದಿಂದ ಬದುಕು ಕಟ್ಟಿಕೊಂಡವಳು ನಾನು, ಅವರಿಗೆ ಸುಳ್ಳು ‘ಹೌದು’ ಕೊಡಲಾರೆ.